ನಿಲ್ಲಿ ಮೇಡಂ, ಈ ಹಲ್ಲೇನಾ?

ಹೋದ ಸಂಚಿಕೆಯಲ್ಲಿ ವಸಡಿನಿಂದ ರಕ್ತ ಬರುವುದರ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ವಸಡಿನ ಮಾತು ಕಡಿಮೆ, ಹಲ್ಲಿನ ಕ್ಲಿನಿಕ್ಕಿನ ಮಾತೇ ಜಾಸ್ತಿ. ಒಂದು ಕಡೆ ಹಾಗೆ ಮಾಡಿದರು, ಇನ್ನೊಂದು ಕಡೆ ಹೀಗೆ ಮಾಡಿದರು, ಯಾವುದು ಸರಿ ಮೇಡಂ ಎಂದು ಕೇಳಿದವರೇ ಹೆಚ್ಚು. ಕೇಳಲೇಬೇಕಾದ ಪ್ರಶ್ನೆ ಇದು. ಅದಕ್ಕೇ ಈ ಸಲ ಪುಟವನ್ನು ಪೂರ್ತಿ ಇದಕ್ಕೆ ಇಟ್ಟಿದ್ದೇನೆ.

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಒಂದು ಕ್ಲಿನಿಕ್ಕಿನಲ್ಲಿ ಏನೂ ಕೇಳದೆ ಹಲ್ಲು ಕಿತ್ತು ಕಳಿಸಿದರು, ರಾತ್ರಿಯೆಲ್ಲ ರಕ್ತ ಒಸರುತ್ತಲೇ ಇತ್ತು. ಈಗ ಇನ್ನೊಂದು ಹಲ್ಲಿಗೆ ಬೇರೆ ಕಡೆ ಹೋದರೆ ಎರಡು ಪುಟದ ಫಾರಂ ತುಂಬಿಸಿದರು. ಅದರಲ್ಲಿದ್ದ ಪ್ರಶ್ನೆಗಳನ್ನೇ ಕುರ್ಚಿಯಲ್ಲಿ ಕೂರಿಸಿ ಮತ್ತೆ ಕೇಳಿದರು. ಇಷ್ಟೆಲ್ಲ ಬೇಕಾ? (ಗೃಹಿಣಿ, ಹಾಸನ)

ಉತ್ತರ: ಬೇಕು. ಆ ಎರಡನೇ ಕ್ಲಿನಿಕ್ಕಿಗೇ ಕರೆದುಕೊಂಡು ಹೋಗಿ.

ಸ್ಟೆಂಟ್ ಹಾಕಿಸಿಕೊಂಡವರು ಸಾಮಾನ್ಯವಾಗಿ ಆಸ್ಪಿರಿನ್‌ನಂಥ ಮಾತ್ರೆ ತಗೋತಾ ಇರುತ್ತಾರೆ. ಅದರಿಂದ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಇದು ಮೊದಲೇ ಗೊತ್ತಿದ್ದರೆ ನಾವು ಬೆಳಿಗ್ಗೆ ಹೊತ್ತಿಗೆ ಕರೆಯುತ್ತೇವೆ, ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ನಿಲ್ಲಿಸುವ ಸ್ಪಂಜು ಇಟ್ಟು ಹೊಲಿಗೆ ಹಾಕುತ್ತೇವೆ, ನಿಂತಿದೆ ಅಂತ ಕಣ್ಣಾರೆ ನೋಡಿದ ಮೇಲೇ ಮನೆಗೆ ಕಳಿಸುತ್ತೇವೆ. ಇನ್ನೊಂದು ಮಾತು, ದಯವಿಟ್ಟು ನೆನಪಿಡಿ. ಹಲ್ಲು ಕೀಳಿಸಬೇಕು ಅಂತ ನೀವೇ ಆ ಮಾತ್ರೆ ನಿಲ್ಲಿಸಬೇಡಿ. ಹಲ್ಲಿನ ಜಾಗದ ರಕ್ತವನ್ನು ಒತ್ತಿ ಹಿಡಿದು ನಿಲ್ಲಿಸಬಹುದು, ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಕುತ್ತು. ಯಾವ ಮಾತ್ರೆಯನ್ನೇ ಆಗಲಿ ನಿಲ್ಲಿಸುವ ಮಾತು ಹೃದಯದ ಡಾಕ್ಟರಿಂದಲೇ ಬರಬೇಕು.

ಎರಡೆರಡು ಸಲ ಯಾಕೆ ಕೇಳುತ್ತಾರೆ ಅಂತ ಬೇಸರ ಆಗುತ್ತೆ, ನಿಜ. ಆದರೆ ನಮ್ಮ ಜನ ಉತ್ತರ ಹೇಳುವ ರೀತಿ ನೋಡಿ. ನಮ್ಮಲ್ಲಿಗೆ ಒಬ್ಬ ಅಜ್ಜ ಬಂದಿದ್ದರು. ಬಿಪಿ ಇದೆಯಾ, ಶುಗರ್ ಇದೆಯಾ ಎಂದು ಕೇಳಿದೆ. ‘ಏನೂ ಇಲ್ಲ ತಾಯಿ, ಗಟ್ಟಿ ಇದ್ದೀನಿ’ ಅಂದರು. ಬೆಳಿಗ್ಗೆ ಎದ್ದು ಏನೇನು ಮಾತ್ರೆ ತಗೋತೀರಿ ಅಂತ ಕೇಳಿದೆ. ಅಂಗಿ ಜೇಬಿಗೆ ಕೈ ಹಾಕಿ ಮಡಿಚಿದ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ನಾಲ್ಕು ಸ್ಟ್ರಿಪ್! ಎರಡು ಬಿಪಿಗೆ, ಒಂದು ಶುಗರಿಗೆ, ಇನ್ನೊಂದು ರಕ್ತ ತೆಳುವಾಗಲು. ಅವರು ಸುಳ್ಳು ಹೇಳಿರಲಿಲ್ಲ. ‘ಮಾತ್ರೆ ತಗೊಂಡ ಮೇಲೆ ಬಿಪಿ ಎಲ್ಲಿರುತ್ತೆ?’ ಅನ್ನುವುದು ಅವರ ಲೆಕ್ಕ.

ಆವತ್ತಿನಿಂದ ನಮ್ಮ ಫಾರಂನಲ್ಲಿ ‘ನಿಮಗೆ ಯಾವ ಕಾಯಿಲೆ ಇದೆ’ ಎಂಬ ಪ್ರಶ್ನೆಗೂ ಮೊದಲು ‘ಬೆಳಿಗ್ಗೆ, ರಾತ್ರಿ ಏನೇನು ಮಾತ್ರೆ ತಗೋತೀರಿ’ ಎಂದಿದೆ. ಅದರ ಕೆಳಗೆ ಇನ್ನೊಂದು ಸಾಲು, ‘ವಾರಕ್ಕೊಂದು ಅಥವಾ ತಿಂಗಳಿಗೊಂದು ತಗೊಳ್ಳುವ ಮಾತ್ರೆ ಇದೆಯಾ?’ ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ತಗೊಳ್ಳುವ ಹೆಂಗಸರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಗುಂಪಿನ ಕೆಲವು ಮಾತ್ರೆ ತಗೊಳ್ಳುವವರಲ್ಲಿ, ಅಪರೂಪಕ್ಕಾದರೂ, ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಮಾಯದೆ ಉಳಿಯುವುದುಂಟು. ಆರು ತಿಂಗಳ ನಂತರ ಬಂದವರನ್ನೂ ಹೊಸದಾಗಿ ಕೇಳುತ್ತೇವೆ. ಅಷ್ಟರಲ್ಲಿ ಎಷ್ಟೋ ಬದಲಾಗಿರುತ್ತೆ, ಅಲ್ವಾ? ಅತ್ತೆಯವರ ಮಾತ್ರೆ ಕವರನ್ನು ಹಾಗೇ ಎತ್ತಿಕೊಂಡು ಹೋಗಿ. ಹೆಸರು ಬರೆದುಕೊಂಡು ಹೋಗುವುದಕ್ಕಿಂತ ಅದೇ ವಾಸಿ.

ಪ್ರಶ್ನೆ: ನಾವು ಹೋಗುವ ಕಡೆ ಸಾಮಾನುಗಳನ್ನು ನೀಲಿ ಲೈಟಿನ ಪೆಟ್ಟಿಗೆಯಿಂದ ತೆಗೆದುಕೊಡುತ್ತಾರೆ. ಅಣ್ಣ ಹೋಗುವ ಕಡೆ ಪೇಪರ್ ಕವರ್ ಹರಿದು ತೆಗೆಯುತ್ತಾರಂತೆ. ಎರಡೂ ಒಂದೇನಾ? ನಮ್ಮಂಥವರಿಗೆ ಶುದ್ಧ ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? (ಅಂಗಡಿ ಮಾಲೀಕರು, ದಾವಣಗೆರೆ)

ಉತ್ತರ: ಎರಡೂ ಒಂದೇ ಅಲ್ಲ. ನೀಲಿ ಲೈಟಿನದು ಯುವಿ (ನೇರಳಾತೀತ ಬೆಳಕಿನ) ಕ್ಯಾಬಿನೆಟ್. ಈಗಾಗಲೇ ಶುದ್ಧವಾದ ಸಾಮಾನು ಇಟ್ಟುಕೊಳ್ಳಲು ಇರುವ ಕಪಾಟು ಅದು. ಬೆಳಕು ಬಿದ್ದ ಮೇಲ್ಮೈಗೆ ಮಾತ್ರ ಅದರ ಕೆಲಸ, ಇಕ್ಕಳದ ಸಂದಿಯೊಳಗೆ ಬೆಳಕು ಹೋಗುವುದಿಲ್ಲ. ನೀರಿನಲ್ಲಿ ಕುದಿಸಿದರೂ ಸಾಲದು. ನೀರು 100 ಡಿಗ್ರಿಗೆ ಕುದಿಯುತ್ತದೆ, ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು (ಗಟ್ಟಿ ಕವಚದೊಳಗೆ ಮಲಗಿರುವ ರೂಪ) ಆ ಬಿಸಿ ತಡೆದುಕೊಂಡು ಉಳಿಯುತ್ತವೆ.

ಬೇಕಾದದ್ದು ಆಟೋಕ್ಲೇವ್. ಮನೆಯ ಕುಕ್ಕರಿನ ಲೆಕ್ಕವೇ ಅದು. ಹಬೆಯನ್ನು ಒತ್ತಡದಲ್ಲಿ ಹಿಡಿದಿಟ್ಟರೆ ಬಿಸಿ 100 ದಾಟಿ ಮೇಲೆ ಹೋಗುತ್ತೆ. ಸುಮಾರು 15 ಪೌಂಡ್ ಒತ್ತಡದಲ್ಲಿ 121 ಡಿಗ್ರಿ ಮುಟ್ಟುತ್ತೆ. ಯಂತ್ರ ಮತ್ತು ಪ್ಯಾಕಿಂಗ್ ನೋಡಿಕೊಂಡು 15ರಿಂದ 30 ನಿಮಿಷ ಅಲ್ಲೇ ನಿಲ್ಲಬೇಕು. ಗಾಳಿಯನ್ನು ಎಳೆದು ಹೊರಹಾಕುವ, 134 ಡಿಗ್ರಿಯ ಯಂತ್ರಗಳಿಗೆ ಮೂರು ನಾಲ್ಕು ನಿಮಿಷ ಸಾಕು. ಆದರೆ ಬಿಸಿಯಾಗುವುದು, ಒಣಗುವುದು ಎಲ್ಲ ಸೇರಿದರೆ ಅದಕ್ಕೂ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯುತ್ತದೆ. ಈ ಸಮಯದ ಲೆಕ್ಕ ನೆನಪಿಟ್ಟುಕೊಳ್ಳಿ, ಕೆಳಗೆ ಬೇಕಾಗುತ್ತೆ.

ತಪ್ಪು ಜಾಸ್ತಿ ಆಗುವುದು ಯಂತ್ರಕ್ಕೆ ಹಾಕುವ ಮೊದಲು, ಸಿಂಕಿನ ಹತ್ತಿರ. ರಕ್ತ, ಎಂಜಲು ಒಣಗಿ ಅಂಟಿಕೊಂಡ ಸಾಮಾನನ್ನು ಸರಿಯಾಗಿ ತೊಳೆಯದೆ ಆಟೋಕ್ಲೇವಿಗೆ ಹಾಕಿದರೆ ಆ ಪದರದ ಅಡಿಗೆ ಹಬೆ ತಲುಪುವುದಿಲ್ಲ. ಅದಕ್ಕೇ ಕ್ರಮ ಇರುವುದು. ಬಳಸಿದ ತಕ್ಷಣ ದ್ರಾವಣದಲ್ಲಿ ನೆನೆಸು, ದಪ್ಪ ಗ್ಲೌಸ್ ಹಾಕಿಕೊಂಡು ಬ್ರಶ್ಶಿನಿಂದ ಉಜ್ಜು, ತೊಳೆ, ಒರೆಸು, ಪೌಚಿಗೆ (ನಿಮ್ಮಣ್ಣ ಹೇಳಿದ ಪೇಪರ್ ಕವರ್) ಹಾಕಿ ತಾರೀಕು ಬರೆ, ಆಟೋಕ್ಲೇವಿನಲ್ಲಿ ಒತ್ತೊತ್ತಾಗಿ ತುಂಬಬೇಡ, ಪೌಚ್ ಪೂರ್ತಿ ಒಣಗಿದ ಮೇಲೇ ತೆಗೆ. ಒದ್ದೆ ಪೌಚನ್ನು ಕೈಯಲ್ಲಿ ಹಿಡಿದರೆ ಕಾಗದದ ಮೂಲಕ ಹೊರಗಿನ ಕೊಳೆ ಒಳಗೆ ಹೀರಿಕೊಳ್ಳುತ್ತೆ, ಅಲ್ಲಿಗೆ ಮಾಡಿದ್ದೆಲ್ಲ ಹೋಯಿತು. ಒಂದು ಹೆಜ್ಜೆ ಬಿಟ್ಟರೂ ಹೊರಗಿನಿಂದ ನೋಡುವವರಿಗೆ ಸಾಮಾನು ಫಳಫಳ ಹೊಳೆಯುತ್ತಲೇ ಇರುತ್ತದೆ. ಕಷ್ಟ ಇರುವುದು ಅಲ್ಲೇ. ಲಿವರಿಗೆ ಸೋಂಕು ತರುವ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಬದುಕಬಲ್ಲದು.

ನೀವು ಏನು ನೋಡಬಹುದು? ಪೌಚನ್ನು ನಿಮ್ಮ ಕಣ್ಣೆದುರೇ ಹರಿಯಲಿ. ಅದರ ಮೇಲೆ ಚಿಕ್ಕದೊಂದು ಗುರುತು ಇರುತ್ತದೆ, ಹಬೆ ತಾಗಿದರೆ ಬಣ್ಣ ಬದಲಾಗುತ್ತೆ. ಬಣ್ಣ ಬದಲಾಗಿದೆ ಎಂದರೆ ಬಿಸಿ ತಾಗಿದೆ ಎಂದು ಮಾತ್ರ ಅರ್ಥ. ಕ್ರಿಮಿ ಸತ್ತಿವೆಯಾ ಎಂದು ತಿಳಿಯಲು ಬೇರೆ ಪರೀಕ್ಷೆ ಇದೆ. ಬಿಸಿಗೆ ಬಹಳ ಗಟ್ಟಿಯಾದ ಒಂದು ಬ್ಯಾಕ್ಟೀರಿಯಾದ ಬೀಜಕಗಳನ್ನು ಸಾಮಾನಿನ ಜೊತೆಗೇ ಯಂತ್ರದಲ್ಲಿಟ್ಟು, ಆಮೇಲೆ ಅವು ಬೆಳೆಯುತ್ತವಾ ಎಂದು ನೋಡುವುದು. ವಾರಕ್ಕೊಮ್ಮೆ ಮಾಡಿ ಪುಸ್ತಕದಲ್ಲಿ ಬರೆದಿಡಬೇಕು. ‘ಆ ಪುಸ್ತಕ ಇದೆಯಾ?’ ಅಂತ ಕೇಳಿ. ಇರುವವರು ಖುಷಿಯಿಂದ ತೋರಿಸುತ್ತಾರೆ.

ಇನ್ನು ಹ್ಯಾಂಡ್‌ಪೀಸ್. ಹಲ್ಲು ಕೊರೆಯುವಾಗ ಕುಯ್ಯ್ ಅಂತ ಸದ್ದು ಮಾಡುತ್ತಲ್ಲ, ಅದು. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಮುಂದಿನವರಿಗೆ ಬಳಸುವವರು ಇನ್ನೂ ಇದ್ದಾರೆ. ನಿಲ್ಲಿಸಿದ ಕ್ಷಣದಲ್ಲಿ ಅದು ಬಾಯಿಯ ಎಂಜಲು, ರಕ್ತವನ್ನು ಒಳಗೆ ಎಳೆದುಕೊಳ್ಳಬಹುದು, ಹೊರಗೆ ಒರೆಸಿದರೆ ಒಳಗಿನದು ಹೋಗಲ್ಲ. ಪ್ರತಿಯೊಬ್ಬರ ನಂತರವೂ ಆಟೋಕ್ಲೇವ್ ಆಗಲೇಬೇಕು. ಈಗ ಆ ಸಮಯದ ಲೆಕ್ಕ ತೆಗೆಯಿರಿ. ಸಂಜೆ ಐದರಿಂದ ಒಂಬತ್ತರ ತನಕ 12 ಜನಕ್ಕೆ ಹಲ್ಲು ಕೊರೆಯುವ ಕೆಲಸ ಇದೆ, ಇರುವುದು ಎರಡೇ ಹ್ಯಾಂಡ್‌ಪೀಸ್, ಒಂದು ಸುತ್ತಿಗೆ ಮುಕ್ಕಾಲು ಗಂಟೆ. ಲೆಕ್ಕ ಕೂಡುವುದಿಲ್ಲ! ‘ಡಾಕ್ಟ್ರೇ, ಎಷ್ಟು ಹ್ಯಾಂಡ್‌ಪೀಸ್ ಇಟ್ಟಿದ್ದೀರಿ?’ ಎಂಬ ಒಂದು ಪ್ರಶ್ನೆಯಿಂದ ನಿಮಗೆ ಬಹಳ ಗೊತ್ತಾಗುತ್ತದೆ.

ಹೀಗೆ ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತಾ ಅಂತ ಅಳುಕು ಬೇಡ. ಬಾಯಿ ನಿಮ್ಮದು.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಅಲ್ಲಿ ಹಲ್ಲಿನ ಖರ್ಚು ತುಂಬಾ ಜಾಸ್ತಿ, ಹಾಗಾಗಿ ರಜೆಗೆ ಮೈಸೂರಿಗೆ ಬಂದಾಗ ರೂಟ್ ಕೆನಾಲ್ ಮಾಡಿಸೋಣ ಅಂದುಕೊಂಡೆ. ಅಲ್ಲಿಯ ಚೀಟಿಯಲ್ಲಿ ‘14’ ಎಂದು ಬರೆದಿತ್ತು. ಇಲ್ಲಿಯ ಡಾಕ್ಟರು ಮೇಲಿನ ಬಲಗಡೆ ಹಲ್ಲನ್ನು ಬಡಿದು ನೋಡಿದರು. ನನಗೆ ನೋವಿದ್ದದ್ದು ಎಡಗಡೆ! ಇವರಿಗೆ ಚೀಟಿ ಓದಲು ಬರುವುದಿಲ್ಲವಾ ಎಂದು ಹೆದರಿಕೆಯಾಯಿತು. (ಸಾಫ್ಟ್‌ವೇರ್ ಉದ್ಯೋಗಿ)

ಉತ್ತರ: ಅವರು ಸರಿಯಾಗಿಯೇ ಓದಿದ್ದಾರೆ. ಬರೆದವರೂ ಸರಿಯಾಗಿಯೇ ಬರೆದಿದ್ದಾರೆ. ಅಮೆರಿಕದಲ್ಲಿ ಹಲ್ಲುಗಳನ್ನು 1ರಿಂದ 32ರ ತನಕ ಒಂದೇ ಸಾಲಾಗಿ ಎಣಿಸುತ್ತಾರೆ. ಮೇಲೆ ಬಲಗಡೆಯ ಕೊನೆಯ ದವಡೆ ಹಲ್ಲು 1, ಮೇಲೆ ಎಡಗಡೆಯ ಕೊನೆಯದು 16, ಅಲ್ಲಿಂದ ಕೆಳಗಿಳಿದರೆ 17, ಕೆಳಗೆ ಬಲಗಡೆಯ ಕೊನೆಗೆ 32. ಆ ಲೆಕ್ಕದಲ್ಲಿ 14 ಎಂದರೆ ಮೇಲೆ ಎಡಗಡೆಯ ಮೊದಲ ದೊಡ್ಡ ದವಡೆ ಹಲ್ಲು. ನಮ್ಮಲ್ಲಿ ಬಾಯಿಯನ್ನು ನಾಲ್ಕು ಭಾಗ ಮಾಡುತ್ತೇವೆ. ಮೊದಲ ಅಂಕಿ ಯಾವ ಭಾಗ ಎಂದು ಹೇಳುತ್ತೆ, ಎರಡನೆಯದು ನಡುವಿನಿಂದ ಎಷ್ಟನೇ ಹಲ್ಲು ಎಂದು. ಈ ಲೆಕ್ಕದಲ್ಲಿ ‘ಒಂದು-ನಾಲ್ಕು’ ಎಂದರೆ ಮೇಲೆ ಬಲಗಡೆಯ ನಾಲ್ಕನೇ ಹಲ್ಲು, ಕೋರೆ ಹಲ್ಲಿನ ಪಕ್ಕದ್ದು. ನಿಮ್ಮ ಹಲ್ಲು ನಮ್ಮ ಲೆಕ್ಕದಲ್ಲಿ 26, ಅಂದರೆ ಎರಡನೇ ಭಾಗದ (ಮೇಲೆ ಎಡಗಡೆ) ಆರನೇ ಹಲ್ಲು. ಬಾಯಿ ಒಂದೇ, ಚೀಟಿ ಒಂದೇ, ಹಲ್ಲು ಎರಡು. ಅವರು ಬಡಿದು ನೋಡಿದ್ದೇ ಒಳ್ಳೆಯದಾಯಿತು. ನೋಡದೆ ಕೊರೆಯಲು ಶುರು ಮಾಡಿದ್ದರೆ ಒಳ್ಳೆಯ ಹಲ್ಲೊಂದು ಹೋಗುತ್ತಿತ್ತು.

ಇದನ್ನು ಓದಿದಾಗ ನನಗೆ ನನ್ನದೇ ಒಂದು ಸಂಜೆ ನೆನಪಾಯಿತು. ಓದು ಮುಗಿಸಿ ಬೇರೆಯವರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದ ಕಾಲ. ಹೊರಗೆ ಬೆಂಚಿನ ತುಂಬ ಜನ. ಒಬ್ಬ ತಾಯಿಗೆ ಕೆಳಗಿನ ದವಡೆ ಹಲ್ಲು ಕೀಳಬೇಕಿತ್ತು. ನಾವು ರೋಗಿಯ ಎದುರು ನಿಂತಾಗ ಅವರ ಬಲ ನಮ್ಮ ಎಡಕ್ಕಿರುತ್ತೆ, ಎಕ್ಸ್‌ರೇ ಫಿಲ್ಮನ್ನು ತಿರುಗಿಸಿ ಹಿಡಿದರೆ ಅದೂ ಅದಲುಬದಲು. ಅವಸರದಲ್ಲಿ ಇನ್ನೊಂದು ಕಡೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟುಬಿಟ್ಟೆ. ಐದು ನಿಮಿಷ ಬಿಟ್ಟು ಇಕ್ಕಳ ಕೈಗೆ ತಗೊಂಡಾಗ ಆ ತಾಯಿ ಮೆಲ್ಲಗೆ ಕೈ ಎತ್ತಿ, ಊದಿಕೊಂಡಂತಾದ ತುಟಿಯಲ್ಲೇ ‘ಈ ಕಡೆ ನೋವಿರಲಿಲ್ಲ ಕಣಮ್ಮ’ ಅಂದರು. ಇಂಜೆಕ್ಷನ್ ಕೊಡುವಾಗಲೇ ಅವರಿಗೆ ಅನುಮಾನ ಬಂದಿತ್ತಂತೆ, ಡಾಕ್ಟರಿಗೆ ಗೊತ್ತಿರುತ್ತೆ ಅಂತ ಸುಮ್ನಿದ್ದರು. ಅವರು ಇನ್ನೊಂದು ನಿಮಿಷ ಸುಮ್ನಿದ್ದಿದ್ದರೆ ಏನಾಗುತ್ತಿತ್ತು ಎಂದು ಈಗ ನೆನೆದರೂ ಕೈ ತಣ್ಣಗಾಗುತ್ತದೆ.

ನನಗೆ ಹಲ್ಲು ಕೀಳಲು ಚೆನ್ನಾಗಿಯೇ ಬರುತ್ತಿತ್ತು. ಗೈರಾಗಿದ್ದದ್ದು ಅರ್ಧ ನಿಮಿಷದ ಒಂದು ಕೆಲಸ. ಚೀಟಿ, ಎಕ್ಸ್‌ರೇ, ಬಾಯಿ, ಈ ಮೂರನ್ನೂ ಒಟ್ಟಿಗೆ ನೋಡಿ, ‘ಈ ಹಲ್ಲೇ ಅಲ್ವಾ ಅಮ್ಮ?’ ಎಂದು ಕನ್ನಡಿ ಕೊಟ್ಟು ಅವರ ಬೆರಳಿನಿಂದಲೇ ತೋರಿಸಿಕೊಳ್ಳುವುದು. ದೊಡ್ಡ ಆಪರೇಷನ್‌ಗಳಿಗೆ ಇಂಥದ್ದೇ ಒಂದು ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದಿತು, 19 ಅಂಶಗಳದ್ದು. ದೆಹಲಿಯೂ ಸೇರಿ ಎಂಟು ಊರಿನ ಆಸ್ಪತ್ರೆಗಳಲ್ಲಿ ಬಳಸಿ ನೋಡಿದರು. ಸಾವಿನ ಪ್ರಮಾಣ ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ಅಲ್ಲಿದ್ದ ಸರ್ಜನ್‌ಗಳಿಗೆ ಆಪರೇಷನ್ ಹೊಸದಲ್ಲ. ಗೊತ್ತಿದ್ದದ್ದನ್ನೇ, ಪ್ರತಿ ಸಲ, ಬಾಯಿಬಿಟ್ಟು ಹೇಳಿ ಮಾಡಿದರು ಅಷ್ಟೇ.

ನೀವು ಹೊರದೇಶದಿಂದ ಚೀಟಿ ತರುವಾಗ ಅಂಕಿಯ ಜೊತೆಗೆ ‘ಮೇಲೆ, ಎಡಗಡೆ, ಮೊದಲ ದವಡೆ ಹಲ್ಲು’ ಎಂದು ಮಾತಿನಲ್ಲೂ ಬರೆಸಿಕೊಳ್ಳಿ. ಎಕ್ಸ್‌ರೇ ಫೋನಿನಲ್ಲಿರಲಿ.

ಪ್ರಶ್ನೆ: ಹಲ್ಲು ಕಿತ್ತ ಮೇಲೆ ಡಾಕ್ಟರು ಬಾಯಿ ಮುಕ್ಕಳಿಸಬೇಡಿ ಎಂದರು. ಹೊರಗೆ ಔಷಧಿ ಕೊಡುವ ಹುಡುಗಿ ಬಿಸಿ ಉಪ್ಪುನೀರಲ್ಲಿ ಮುಕ್ಕಳಿಸಿ ಎಂದಳು. ಯಾರ ಮಾತು ಕೇಳಲಿ? (ಶಿಕ್ಷಕರು, ಗದಗ)

ಉತ್ತರ: ಇಬ್ಬರದೂ ಸರಿ, ದಿನ ಬೇರೆ. ಮೊದಲ 24 ಗಂಟೆ ಮುಕ್ಕಳಿಸಬೇಡಿ, ಉಗಿಯಬೇಡಿ, ಸ್ಟ್ರಾದಲ್ಲಿ ಎಳನೀರು ಕುಡಿಯಬೇಡಿ. ಗುಳಿಯಲ್ಲಿ ಕಟ್ಟಿದ ರಕ್ತದ ಗಡ್ಡೆಯೇ ಅಲ್ಲಿಗೆ ಮುಚ್ಚಳ. ಅದು ಕಿತ್ತುಬಂದರೆ ಮೂರನೇ ದಿನಕ್ಕೆ ಕಿವಿಯ ತನಕ ಎಳೆಯುವ ನೋವು. ಬೀಡಿ, ಸಿಗರೇಟು, ಎಲೆ ಅಡಿಕೆ ಬಿಡಿ. ಗಾಜ್ (ಕಚ್ಚಿಕೊಳ್ಳಲು ಕೊಡುವ ಹತ್ತಿ ಬಟ್ಟೆಯ ತುಂಡು) ಅರ್ಧದಿಂದ ಮುಕ್ಕಾಲು ಗಂಟೆ ಕಚ್ಚಿಕೊಂಡಿರಿ. ಆರಿದ ಗಂಜಿ, ಮೊಸರನ್ನ ಊಟ ಮಾಡಿ. ಮರುದಿನದಿಂದ ಉಗುರು ಬೆಚ್ಚಗಿನ ಉಪ್ಪುನೀರು.

ಆದರೆ ಒಂದೇ ಕ್ಲಿನಿಕ್ಕಿನಲ್ಲಿ ಎರಡು ಬಾಯಿಂದ ಎರಡು ಮಾತು ಬರಬಾರದು. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಅಂಗೈಯಗಲದ ಚೀಟಿ ಮುದ್ರಿಸಿಟ್ಟರೆ ಸಾಕು. ತುಟಿ ಮರಗಟ್ಟಿ, ಹತ್ತಿ ಕಚ್ಚಿಕೊಂಡು ಕೂತವರಿಗೆ ಹೇಳಿದ್ದು ಎಷ್ಟು ತಲೆಗೆ ಹೋಗುತ್ತೆ ಹೇಳಿ?

ಪ್ರಶ್ನೆ: ನಾನೂ ದಂತವೈದ್ಯ, ಬಿಡಿಎಸ್ ಮುಗಿಸಿ ಚಿಕ್ಕ ಕ್ಲಿನಿಕ್ ಹಾಕಿದ್ದೇನೆ. ಒಂದು ಕುರ್ಚಿ, ಒಬ್ಬ ಸಹಾಯಕಿ. ಈ ಪ್ರೋಟೋಕಾಲ್, ಚೆಕ್‌ಲಿಸ್ಟ್ ಎಲ್ಲ ದೊಡ್ಡ ಆಸ್ಪತ್ರೆಗಳಿಗೆ ಸರಿ. ನಮ್ಮಂಥವರಿಗೆ ಸಮಯ ಎಲ್ಲಿ? ಎಲ್ಲವನ್ನೂ ಬರೆದಿಟ್ಟು ಮಾಡಿದರೆ ಡಾಕ್ಟರಿನ ಕೈಚಳಕಕ್ಕೆ ಏನು ಬೆಲೆ? (ಶಿರಸಿ)

ಉತ್ತರ: ನಿಮ್ಮ ಕೈಚಳಕ ಬೇಕಾಗುವುದು ಬಾಗಿದ ಬೇರಿನ ರೂಟ್ ಕೆನಾಲಿಗೆ, ಅಳುವ ಮಗುವಿಗೆ. ಹ್ಯಾಂಡ್‌ಪೀಸ್ ಬದಲಾಯಿಸುವುದಕ್ಕೆ ಕೈಚಳಕ ಬೇಡ, ಮರೆಯದೆ ಮಾಡಿದರೆ ಸಾಕು. ಇಂಥದ್ದನ್ನು ನೆನಪಿಟ್ಟುಕೊಳ್ಳುವ ಕೆಲಸವನ್ನು ಗೋಡೆಗೆ ಅಂಟಿಸಿದ ಹಾಳೆಗೆ ಬಿಟ್ಟುಕೊಟ್ಟರೆ ನಿಮ್ಮ ತಲೆ ಹಲ್ಲಿನ ಮೇಲೆ ಇರುತ್ತದೆ.

ಎಲ್ಲವನ್ನೂ ಒಂದೇ ದಿನ ಬರೆಯಲು ಹೋಗಬೇಡಿ. ನಾನು ಹಾಗೆ ಮಾಡಿದ್ದೆ, 40 ಪುಟದ ಫೈಲ್ ಆಯಿತು, ಯಾರೂ ತೆರೆಯಲಿಲ್ಲ. ಒಂದು ಕೆಲಸ ಆರಿಸಿಕೊಳ್ಳಿ. ನನ್ನ ಪ್ರಕಾರ ಮೊದಲು ಒಬ್ಬ ರೋಗಿ ಎದ್ದು ಇನ್ನೊಬ್ಬರು ಕೂರುವ ನಡುವಿನ ಹತ್ತು ನಿಮಿಷ. ಆಗ ಏನೇನು ಆಗಬೇಕು? ಗ್ಲೌಸ್ ತೆಗೆದು ಕೈ ತೊಳೆಯುವುದು, ಸೂಜಿಯನ್ನು ತೂತಾಗದ ಬಿಳಿ ಡಬ್ಬಿಗೆ, ರಕ್ತದ ಹತ್ತಿಯನ್ನು ಹಳದಿ ಚೀಲಕ್ಕೆ, ಗ್ಲೌಸನ್ನು ಕೆಂಪು ಚೀಲಕ್ಕೆ ಹಾಕುವುದು (ಇದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ, ಒಂದು ಕುರ್ಚಿಯ ಕ್ಲಿನಿಕ್ಕಿಗೂ ತಪ್ಪಿದ್ದಲ್ಲ), ನೀರಿನ ಪೈಪನ್ನು 20-30 ಸೆಕೆಂಡ್ ಹರಿಯಬಿಡುವುದು, ಲೈಟಿನ ಹಿಡಿ ಮತ್ತು ಕುರ್ಚಿ ಒರೆಸುವುದು, ಹೊಸ ಪೌಚ್. ಇಷ್ಟನ್ನು ಎಂಟು ಸಾಲಲ್ಲಿ ಬರೆಯಿರಿ, ಒಂದು ತಿಂಗಳು ನಡೆಸಿ, ಆಮೇಲೆ ಎರಡನೆಯದು.

ಬರೆಯುವಾಗ ಸಹಾಯಕಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೆಲಸ ಮಾಡುವವರು ಅವರು. ನಮ್ಮ ಹಾಳೆಯಲ್ಲಿ ‘ಸಾಮಾನನ್ನು ತಕ್ಷಣ ನೆನೆಸುವುದು’ ಅಂತ ನಾನು ಬರೆದಿದ್ದೆ. ‘ಮೇಡಂ, ನೆನೆಸುವ ಟ್ರೇ ಒಳಗಿನ ರೂಮಲ್ಲಿದೆ, ಎಂಜಲು ಎಳೆಯುವ ಸಕ್ಷನ್ ಪೈಪ್ ಹಿಡಿದುಕೊಂಡು ನಾನು ಹೇಗೆ ಹೋಗಲಿ?’ ಎಂದು ನಮ್ಮ ಸಹಾಯಕಿ ಕೇಳಿದರು. ಟ್ರೇ ಕುರ್ಚಿಯ ಪಕ್ಕಕ್ಕೆ ಬಂತು. ಎಷ್ಟೋ ದಿನದಿಂದ ನಾನು ಬೈಯುತ್ತಿದ್ದ ತಪ್ಪು ಆ ದಿನದಿಂದ ನಿಂತಿತು. ಹಾಗೆಯೇ, ನಿಮ್ಮ ಸಹಾಯಕಿಗೆ ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿದೆಯಾ? ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ನಿಮ್ಮ ಖರ್ಚಿನಲ್ಲಿ ಹಾಕಿಸಿ. ದಿನವೂ ಸೂಜಿ, ಬ್ಲೇಡ್ ಮುಟ್ಟುವ ಕೈ ಅದು.

ಸಮಯದ ಮಾತು. ಹೆಚ್ಚೆಂದರೆ ದಿನಕ್ಕೆ ಒಬ್ಬರೋ ಇಬ್ಬರೋ ರೋಗಿ ಕಡಿಮೆಯಾಗುತ್ತಾರೆ. ಇನ್ನೆರಡು ಹ್ಯಾಂಡ್‌ಪೀಸಿಗೆ, ಪೌಚಿಗೆ ದುಡ್ಡು ಬೇಕು. ಮರೆಮಾಚುವುದಿಲ್ಲ, ಮೊದಲ ವರ್ಷ ಭಾರ ಆಗುತ್ತೆ.

ಇನ್ನೊಂದೇ ಒಂದು. ಸಹಾಯಕಿಗೆ ನಿಮ್ಮನ್ನು ತಡೆಯುವ ಹಕ್ಕು ಕೊಡಿ, ಬಾಯಿಮಾತಿಗಲ್ಲ, ಹಾಳೆಯಲ್ಲೇ ಬರೆದು. ನಮ್ಮಲ್ಲಿ ಹಲ್ಲು ಕೀಳುವ ಪಟ್ಟಿಯ ಕೊನೆಯ ಸಾಲನ್ನು ಓದುವುದು ಅವರೇ. ಕಳೆದ ವರ್ಷ ಒಂದು ಶನಿವಾರ ನಾನು ಇಕ್ಕಳ ಎತ್ತಿಕೊಂಡಾಗ ‘ನಿಲ್ಲಿ ಮೇಡಂ, ಈ ಹಲ್ಲೇನಾ?’ ಅಂದರು. ಹಲ್ಲು ಅದೇ ಆಗಿತ್ತು. ನಾನು ಎಕ್ಸ್‌ರೇ ನೋಡಿ, ‘ಹೌದು, ಇದೇ’ ಅಂದೆ, ಥ್ಯಾಂಕ್ಸ್ ಹೇಳಿದೆ. ಸರಿಯಿದ್ದಾಗಲೂ ಥ್ಯಾಂಕ್ಸ್ ಹೇಳಬೇಕು, ಇಲ್ಲದಿದ್ದರೆ ತಪ್ಪಿದ ದಿನ ಅವರು ಕೇಳುವುದಿಲ್ಲ.

ನಿಮ್ಮ ಮೊದಲ ಹಾಳೆ ಬರೆದಾದ ಮೇಲೆ ಪತ್ರಿಕೆಯ ವಿಳಾಸಕ್ಕೆ ಒಂದು ಪ್ರತಿ ಕಳಿಸಿ. ಅದರಲ್ಲಿ ಸಹಾಯಕಿ ಪೆನ್ನಿನಿಂದ ಹೊಡೆದು ತಿದ್ದಿದ ಗುರುತು ಇರಲಿ, ಶುದ್ಧಪ್ರತಿ ಬೇಡ.